ಬೇರಿಲ್ಲದ ಕತ್ತಾಳೆ

ಕತ್ತಾಳೆಯ ಎಲೆಯನ್ನು ಬುಡದಲ್ಲಿ ಕಡಿದು ಮಣ್ಣಿಗೆ ಚುಚ್ಚಿ ನಿಲ್ಲಿಸಿದರೆ ಅದು ತಿಂಗಳುಗಟ್ಟಲೆ ಬಾಡುವುದಿಲ್ಲ. ಬೇರಿಲ್ಲ, ನೀರಿಲ್ಲ, ತನ್ನೊಳಗಿನ ರಸವನ್ನೇ ಕುಡಿದುಕೊಂಡು ಹಸಿರಾಗಿ, ಮುಳ್ಳು ಚಾಚಿಕೊಂಡು ನಿಂತಿರುತ್ತದೆ. ದೂರದಿಂದ ನೋಡಿದವರಿಗೆ ಅದು ಬೇಲಿಯೇ. ನೂಕಿ ನೋಡಿದವರಿಗೆ ಮಾತ್ರ ನಿಜ ತಿಳಿಯುತ್ತದೆ. ನಾನು ಹಾಗೆ ನಿಲ್ಲಿಸಿದ ಎಲೆಗಳನ್ನು ಒಬ್ಬ ಕುರಿಗಾರ ಬೇಲಿ ಎಂದು ನಂಬಿದ.

ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ರೈಲುಹಳಿಯ ಮಗ್ಗುಲಲ್ಲೇ ನಮ್ಮ ಹೊಲ. ದನಕರು ಹಳಿ ಹತ್ತದಿರಲೆಂದು ಎಂದೋ ಯಾರೋ ಉದ್ದಕ್ಕೂ ಕತ್ತಾಳೆ ನೆಟ್ಟಿದ್ದರು. ಅದು ಮರಿ ಹಾಕುತ್ತ, ಸಾಯುತ್ತ, ಮತ್ತೆ ಹುಟ್ಟುತ್ತ ಆಳೆತ್ತರದ ಗೋಡೆಯಾಗಿತ್ತು. ನಾಯಿಯೂ ಅದರೊಳಗೆ ನುಸುಳುತ್ತಿರಲಿಲ್ಲ. ನಾರಿಗಾಗಿ ಜನ ಕೆಳಗಿನ ಎಲೆಗಳನ್ನಷ್ಟೇ ಕೊಯ್ಯುತ್ತಿದ್ದರು, ನಡುವಿನ ಗಡ್ಡೆಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಗಡ್ಡೆ ಕಿತ್ತರೆ ಗಿಡ ಸತ್ತಂತೆ.

ನಾನು ದಾವಣಗೆರೆಯ ಹೈಸ್ಕೂಲಿನಲ್ಲಿ ಓದಿ ಪಾಸಾಗಿ ಮನೆಯಲ್ಲಿ ಕುಳಿತಿದ್ದ ಕಾಲ ಅದು. ಅಪ್ಪನಿಗೆ ನಾನು ಹೊಲ ನೋಡಿಕೊಳ್ಳಬೇಕೆಂದಿತ್ತು. ನನಗೆ ಮಿಲ್ಲಿನ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕುರ್ಚಿ ಬೇಕಿತ್ತು. ಊರಿನಲ್ಲಿ ಹತ್ತಿ ಗಿರಣಿಗಳಿದ್ದವು, ಇಸ್ತ್ರಿ ಮಾಡಿದ ಅಂಗಿ ತೊಟ್ಟ ಗುಮಾಸ್ತರಿದ್ದರು, ಅವರು ಸೈಕಲ್ಲಿನಲ್ಲಿ ಹೋಗುವುದನ್ನು ನೋಡುತ್ತ ನಿಲ್ಲುವುದೇ ನನ್ನ ಕೆಲಸವಾಗಿತ್ತು. ಮನೆಯೋ ಲಿಂಗಪೂಜೆಯಾಗದೆ ಯಾರೂ ನೀರು ಮುಟ್ಟದಂಥ ಮನೆ. ಅಂಥ ಮನೆಯ ಮಗ ಸಾರಾಯಿ ಕಾಯಿಸುವುದು ಕಲಿತ ಎಂದರೆ ಅಪ್ಪ ಬದುಕಿದ್ದರೆ ಇವತ್ತಿಗೂ ನಂಬುತ್ತಿರಲಿಲ್ಲ.

ಕಲಿಸಿದವನು ನಮ್ಮ ಹೊಲ ಕಾಯುತ್ತಿದ್ದ ಮುದುಕ. ಹಿಂದೆ ಹರಿಹರದ ಹೊಳೆ ದಂಡೆಯಲ್ಲಿ ಸಾರಾಯಿ ಗುತ್ತಿಗೆದಾರರೊಬ್ಬರ ಭಟ್ಟಿಯಲ್ಲಿ ಕೆಲಸ ಮಾಡಿದ್ದವನು. ಪಾನನಿರೋಧ ಬಂದು ಭಟ್ಟಿ ಆರಿದ ಮೇಲೆ ಹತ್ತಿ ಹೊಲಗಳಿಗೆ ಕಾವಲು ಬಿದ್ದಿದ್ದ. ಒಂದು ಬೇಸಿಗೆಯಲ್ಲಿ ಎಂಜಿನ್ನಿನ ಕಿಡಿ ಹಾರಿ ಹಳಿಯ ಬದಿಯ ಒಣಹುಲ್ಲಿಗೆ ಬೆಂಕಿ ಹತ್ತಿತು. ಹೋಗಿ ನೋಡಿದರೆ ಬೇಲಿಯ ಒಂದಷ್ಟು ಗಿಡ ಸುಟ್ಟು ಕರಿಯಾಗಿದ್ದವು. ಮುದುಕ ಬೂದಿಯೊಳಗಿನಿಂದ ಒಂದು ಗಡ್ಡೆ ಎಳೆದು, ಕುಡುಗೋಲಿನಿಂದ ಸೀಳಿ, ಒಂದು ತುಂಡು ನನ್ನ ಕೈಗೆ ಕೊಟ್ಟ.

"ತಮ್ಮಾ, ಇದನ್ನ ಒಂಚೂರು ಬಾಯಾಗ ಹಾಕು."

"ಥೂ, ಕತ್ತಾಳಿನಾ? ಬಾಯಿ ಊದ್ಕೊಂತೈತೆ ಅಜ್ಜ."

"ಹಸೀದು ತಿಂದ್ರ ಊದ್ತೈತೆ. ಇದು ಸುಟ್ಟಿದ್ದು. ಇಂಗ್ಲಿಷ್ ಓದ್ಯಾನಂತೆ, ಒಂದು ಗಡ್ಡಿಗೆ ಹೆದರ್ತಾನ ನೋಡು!"

ಚೀಪಿದೆ. ಹೊಗೆಯ ವಾಸನೆಯ ಬೆಲ್ಲ ಚೀಪಿದ ಹಾಗಿತ್ತು. ಹಲ್ಲಿನಲ್ಲಿ ನಾರು ಉಳಿಯಿತು.

"ಬೆಲ್ಲ ಇದ್ದಂಗೈತಲ್ಲ!"

"ಅದಕ್ಕ ಹೇಳಿದ್ದು. ಬೆಲ್ಲ ತರಾಕ ಮಂಡಿಗೆ ಹೋದ್ರ ಹಿಂದೆ ಪೊಲೀಸ್ನೋರು ಬರ್ತಾರ. ಕತ್ತಾಳಿ ಹಿಂದೆ ಯಾವ ಮಗ ಬರ್ತಾನ?"

ಹೊಲದ ಮೂಲೆಯ ಹಳ್ಳದಲ್ಲಿ ಜಾಲಿಗಿಡಗಳ ಮರೆಗೆ ಕುಣಿ ತೋಡಿದೆವು. ತಳಕ್ಕೆ ಕಲ್ಲು ಹಾಸಿ, ಕಲ್ಲು ಕೆಂಪಗಾಗುವವರೆಗೆ ಜಾಲಿಯ ಕೊರಡು ಉರಿಸಿ, ಕೆಂಡದ ಮೇಲೆ ಗಡ್ಡೆ ಪೇರಿಸಿ, ಅದರ ಎಲೆಯನ್ನೇ ಹೊದಿಸಿ, ಹಸಿ ಗೋಣಿ ಹಾಕಿ ಮಣ್ಣು ಮುಚ್ಚಬೇಕು. ಕೆಲವು ದಿನ ಬಿಟ್ಟು ತೆಗೆದರೆ ಬೆಳ್ಳಗಿದ್ದ ಗಡ್ಡೆ ಕಂದುಬಣ್ಣಕ್ಕೆ ತಿರುಗಿ ಮೆತ್ತಗಾಗಿರುತ್ತಿತ್ತು. ಒರಳಲ್ಲಿ ಜಜ್ಜಿ, ಗುಡಾಣದಲ್ಲಿ ನೀರು ಹಾಕಿ, ಒಂದು ಹಿಡಿ ಜಾಲಿ ಚಕ್ಕೆ ಸೇರಿಸಿ ಹುದುಗಲು ಬಿಡುತ್ತಿದ್ದೆವು. ಮುದುಕ ದಿನಾ ಗುಡಾಣಕ್ಕೆ ಕಿವಿಯಿಟ್ಟು ಕೇಳುತ್ತಿದ್ದ. ಒಳಗಿನ ಗುಜುಗುಜು ಅಡಗಿದ ಮೇಲೆ ಒಲೆ ಹೂಡುವುದು. ಮಡಕೆಯ ಮೇಲೆ ಮಡಕೆ ಬೋರಲು ಹಾಕಿ, ಸಂದಿಗೆ ರಾಗಿ ಹಿಟ್ಟು ಮೆತ್ತಿ, ಬಿದಿರು ನಳಿಗೆ ಇಳಿಬಿಟ್ಟು ಸಣ್ಣ ಉರಿಯಲ್ಲಿ ಕಾಯಿಸಬೇಕು. ಮೊದಲು ಬಂದದ್ದನ್ನು ಚೆಲ್ಲಿ, ನಂತರದ್ದನ್ನು ಗಾಜಿನ ಲೋಟಕ್ಕೆ ಎತ್ತರದಿಂದ ಸುರಿದು, ಅಂಚಿನಲ್ಲಿ ಮಣಿಯಂಥ ಗುಳ್ಳೆ ಎಷ್ಟು ಹೊತ್ತು ನಿಲ್ಲುತ್ತದೆಂದು ನೋಡುತ್ತಿದ್ದ. ಅವನು ಕುಡಿಯುತ್ತಿದ್ದ. ನಾನು ನಾಲಿಗೆಗೆ ತಾಗಿಸಿದವನೂ ಅಲ್ಲ. ಹಸಿ ರಸ ಸಿಡಿದು ನನ್ನ ಮೊಳಕೈಗಳಿಗೆ ಬೊಬ್ಬೆ ಎದ್ದಾಗ ಅವ್ವ ಕೊಬ್ಬರಿ ಎಣ್ಣೆ ಹಚ್ಚುತ್ತ, "ನಾರು ತೆಗಿಯೋ ಕೆಲ್ಸ ನಿನಗ್ಯಾಕ ಬೇಕಿತ್ತಪ್ಪ" ಎಂದು ಮರುಗುತ್ತಿದ್ದಳು.

ಮುದುಕನದು ಒಂದೇ ಕಟ್ಟಳೆ. ಹೂವಿನ ಕಂಬ ಎತ್ತಲು ಅಣಿಯಾದ ಗಿಡವನ್ನಷ್ಟೇ ಕೀಳಬೇಕು. ಕಂಬ ಎತ್ತಿ ಹೂ ಬಿಟ್ಟರೆ ಅದು ಹೇಗೂ ಸಾಯುವ ಗಿಡ. ಅದಕ್ಕೆ ಸ್ವಲ್ಪ ಮುಂಚೆ ಗಡ್ಡೆ ಉಬ್ಬಿ ಸಿಹಿ ತುಂಬಿರುತ್ತದೆ. ಒಂದನ್ನು ಕಿತ್ತರೆ ಅದರ ಪಕ್ಕದ್ದನ್ನು ಮುಟ್ಟುವಂತಿಲ್ಲ. ಕಿತ್ತ ಗುಂಡಿಗೆ ಅಲ್ಲೇ ಬುಡದಲ್ಲಿದ್ದ ಮರಿ ನೆಡಬೇಕು. ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್ನಿಗೆ ಕಾಣದಿರಲೆಂದು ಆ ಜಾಗದಲ್ಲಿ ನಾಲ್ಕು ಎಲೆ ಚುಚ್ಚುವುದನ್ನೂ ಅವನೇ ಹೇಳಿಕೊಟ್ಟ. ಹಲ್ಲು ಬಿದ್ದ ಬಾಯಲ್ಲಿ ನಗುತ್ತ, "ಕಟ್ಟಿಸಿಕೊಂಡ ಹಲ್ಲು ಇದ್ದಂಗ ತಮ್ಮಾ. ನೋಡಾಕಷ್ಟ, ಕಡಿಯಾಕಲ್ಲ" ಎನ್ನುತ್ತಿದ್ದ.

ನಮ್ಮ ಕತ್ತಾಳೆ ಸಾರಾಯಿಯ ಎರಡು ಬಾಟಲಿಯನ್ನು ನಾನು ಒಂದು ಮಿಲ್ಲಿನ ಹೆಡ್ ಕ್ಲಾರ್ಕರಿಗೆ ಮುಟ್ಟಿಸಿದೆ. ಊರಿಗೆಲ್ಲ ಕೊಳಕು ಕಳ್ಳಭಟ್ಟಿ ಬರುತ್ತಿದ್ದ ಕಾಲದಲ್ಲಿ ಹೊಗೆಯ ಕಂಪಿನ ಈ ಸರಕು ಅವರಿಗೆ ಬಹಳ ಹಿಡಿಸಿತು. ಮಗಳ ಮದುವೆ ಹತ್ತಿರ ಬಂದಾಗ ಅವರು ನನ್ನನ್ನು ಕರೆಸಿ ತಣ್ಣಗೆ ಹೇಳಿದರು.

"ನೋಡಪ, ಬೀಗರು ಬರ್ತಾರೆ. ಮಿಲ್ಲಿನ ದೊಡ್ಡೋರೂ ಬರ್ತಾರೆ. ಎಲ್ಲರಿಗೂ ಆಗುವಷ್ಟು ಬೇಕು. ಆಫೀಸಿನಾಗೆ ಒಂದು ಜಾಗ ಖಾಲಿ ಐತೆ. ಮದುವೆ ಮುಗೀಲಿ, ನೀನು ಬಂದು ಕೂಡುವಿಯಂತೆ."

ಅದೇ ಹೊತ್ತಿಗೆ ಮುದುಕ ಜ್ವರ ಬಂದು ಹರಿಹರದ ಮಗಳ ಮನೆ ಸೇರಿದ್ದ. ಕಂಬ ಎತ್ತಲು ಅಣಿಯಾದ ಗಿಡಗಳು ನಮ್ಮ ಬೇಲಿಯಲ್ಲಿ ಅಲ್ಲೊಂದು ಇಲ್ಲೊಂದು ಮಾತ್ರ ಇದ್ದವು. ನಾನು ಗುದ್ದಲಿ ಹಿಡಿದು ಸಾಲಾಗಿ ಕಿತ್ತೆ. ಬಲಿತದ್ದು, ಬಲಿಯದ್ದು, ನೋಡಲಿಲ್ಲ. ಒಂದು ಗಾಡಿ ಸಲೀಸಾಗಿ ಹಾಯುವಷ್ಟು ಅಗಲ ಬಯಲಾಯಿತು. ಆ ಬಯಲಿಗೆ ಕಡಿದ ಎಲೆಗಳನ್ನು ಒತ್ತೊತ್ತಾಗಿ ಚುಚ್ಚಿದೆ. ಹಿಂದೆ ಸರಿದು ನಿಂತು ನೋಡಿದರೆ ನನಗೇ ಗುರುತು ಸಿಗಲಿಲ್ಲ. ಕೆಲಸ ಚೆನ್ನಾಗಿ ಆಯಿತೆಂದು ಖುಷಿಯಾಯಿತು. ಆ ಖುಷಿಯನ್ನೂ ಇಲ್ಲಿ ಬರೆಯಲೇಬೇಕು.

ಮಾಲು ತಯಾರಾಗಿ, ಮದುವೆಗೆ ಮುಟ್ಟಿ, ಒಂದು ಬಾಟಲಿಯಷ್ಟು ನನ್ನ ಹತ್ತಿರ ಉಳಿದಿತ್ತು. ಆಗ ಅಪ್ಪ ಹೊಲಕ್ಕೆ ಕುರಿ ನಿಲ್ಲಿಸಲು ಹೇಳಿ ಬಂದರು. ಸುಗ್ಗಿ ಮುಗಿದ ಮೇಲೆ ಗೊಬ್ಬರಕ್ಕಾಗಿ ಹೊಲದಲ್ಲಿ ರಾತ್ರಿ ಕುರಿಮಂದೆ ಮಲಗಿಸುವುದು ನಮ್ಮ ಕಡೆಯ ರೂಢಿ. ಕುರಿಗಾರನಿಗೆ ಜೋಳ ಕೊಡುತ್ತಿದ್ದೆವು. ವರ್ಷವೂ ಬರುತ್ತಿದ್ದವನು ಕೊಂಡಜ್ಜಿ ಕಡೆಯವನು, ನನಗಿಂತ ನಾಲ್ಕಾರು ವರ್ಷ ದೊಡ್ಡವನು. ಮಂದೆಯಲ್ಲಿ ಅರ್ಧ ಅವನದು, ಅರ್ಧ ಅವನ ಹೆಂಡತಿಯ ಅಣ್ಣತಮ್ಮಂದಿರದು. ಅವನು ಮೂರು ಕಡೆ ಗೂಟ ಹೊಡೆದು ಕತ್ತಾಳೆ ಹಗ್ಗದ ಬಲೆ ಕಟ್ಟುತ್ತಿದ್ದ. ನಾಲ್ಕನೆಯ ಕಡೆಗೆ ರೈಲಿನ ಬೇಲಿಯೇ ಗೋಡೆ. ತೋಳ ಬಂದರೆ ಹೊಲದ ಕಡೆಯಿಂದ ಬರಬೇಕೆಂದು ತಾನೂ ನಾಯಿಯೂ ಆ ಬದಿಗೇ ಮಲಗುವುದು. ಅವನ ತಂದೆಯ ಕಾಲದಿಂದಲೂ ನಡೆದುಬಂದದ್ದು ಹಾಗೆಯೇ.

ಆ ಸಂಜೆ ಅವನು ಗೂಟ ಹೊಡೆದದ್ದು ಸರಿಯಾಗಿ ನನ್ನ ಎಲೆಗಳ ಎದುರಿಗೆ. ಕಳೆದ ವರ್ಷ ನಿಲ್ಲಿಸಿದ ಜಾಗ ಬಿಟ್ಟು ಈ ವರ್ಷ ಇಲ್ಲಿ ಎಂದು ಅಪ್ಪನೇ ತೋರಿಸಿ ಹೋಗಿದ್ದರಂತೆ.

"ಆ ಕಡೆಗೂ ಒಂದು ಬಲೆ ಕಟ್ಟಬಾರ್ದೇನಪ್ಪ?" ಎಂದೆ.

ಅವನು ಗೂಟದಿಂದ ತಲೆಯೆತ್ತಿ ನಕ್ಕ. "ಕತ್ತಾಳಿಗೆ ಕಾವಲಾ? ಸಣ್ಣ ಯಜಮಾನ್ರು ಭಾಳ ಓದಿಬಿಟ್ಟಾರ!"

"ಇಲ್ಲ, ಸುಮ್ನೆ ಅಂದೆ."

"ಬಲೆ ಎಲ್ಲೈತ್ರಿ ನನ್ ಹತ್ರ? ಇರೋದು ಮೂರೂ ಕಡೆಗೆ ಸಾಕಾಗೈತೆ. ಆ ಕಡಿ ದೇವ್ರು ಕಟ್ಯಾನ, ಬಿಡ್ರಿ."

ಆಗ ನಾನು ಹೇಳಬೇಕಿತ್ತು. ಹೇಳಿದರೆ ಬೇಲಿ ಯಾಕೆ ಹೋಯಿತೆಂದು ಹೇಳಬೇಕು, ಅದು ಅಪ್ಪನ ಕಿವಿಗೆ ಬೀಳುತ್ತದೆ, ಆಫೀಸಿನ ಕುರ್ಚಿ ಹೋಗುತ್ತದೆ. ಕುರಿಗಳಾದರೂ ಮುಳ್ಳಿಗೆ ಮೂತಿಯಿಡುವುದಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆದರೂ ಒಳಗೆ ಕುಟುಕುತ್ತಲೇ ಇತ್ತು. ಆ ಕುಟುಕು ತಡೆಯಲಾರದೆ, ಅವನಿಗೇನಾದರೂ ಒಳ್ಳೆಯದು ಮಾಡಬೇಕೆನ್ನಿಸಿ, ಉಳಿದಿದ್ದ ಬಾಟಲಿ ತಂದುಕೊಟ್ಟೆ. ನನ್ನಷ್ಟು ಹೀನ ಉಪಕಾರ ಮಾಡಿದವರು ಕಡಿಮೆ.

"ಏನ್ರಿ ಇದು?"

"ಚಳಿ ಐತಲ್ಲ, ಸ್ವಲ್ಪ ತಗೋ."

ಅವನು ಮೂಸಿ ನೋಡಿ ಕಣ್ಣರಳಿಸಿದ. "ಅಯ್ಯಯ್ಯೋ, ಸುಟ್ಟ ಗೆಣಸಿನ ವಾಸನಿ ಬರ್ತೈತಲ್ರಿ! ನನ್ ಹೆಂಡ್ತಿಗೆ ಗೊತ್ತಾದ್ರ ಕುರಿ ಜೊತಿಗೆ ನನ್ನೂ ಬಲೆಯಾಗ ಕಟ್ತಾಳ." ರೊಟ್ಟಿ ತಿನ್ನುತ್ತ ಎರಡು ಗುಟುಕು ಕುಡಿದ, ಮತ್ತೆರಡು ಕುಡಿದ. ನಾನು ಹೊಲದ ಕಾವಲು ಗುಡಿಸಲಿಗೆ ಹೋಗಿ ಮಲಗಿದೆ.

ನಸುಕಿನಲ್ಲಿ ಹರಿಹರದ ಕಡೆಯಿಂದ ಬರುವ ಗೂಡ್ಸ್ ಗಾಡಿಯ ಸಿಳ್ಳು ಕೇಳಿ ಎಚ್ಚರವಾಯಿತು. ಸಿಳ್ಳು ನಿಲ್ಲಲೇ ಇಲ್ಲ. ನಂತರ ಕಬ್ಬಿಣ ಕಿರುಗುಟ್ಟಿದ ಸದ್ದು. ಹೊರಗೆ ಓಡಿದೆ. ಬಲೆಯೊಳಗೆ ಐದಾರು ಕುರಿಮರಿಗಳು ಬಿಟ್ಟರೆ ಏನೂ ಇರಲಿಲ್ಲ. ಬೇಲಿಯ ಆಚೆ ಹಳಿಯ ಇಳಿಜಾರಿನಲ್ಲಿ ಹಸಿ ಹುಲ್ಲಿತ್ತು. ಮೊದಲ ಬೆಳಕಿಗೆ ಎದ್ದ ಕುರಿಗಳು ಅದರ ವಾಸನೆ ಹಿಡಿದು ನೂಕಿವೆ, ನನ್ನ ಎಲೆಗಳು ಒಂದೊಂದಾಗಿ ಮಲಗಿವೆ. ಟಗರೊಂದು ಹೋದರೆ ಮಿಕ್ಕವು ನಿಲ್ಲುವ ಜಾತಿಯಲ್ಲ. ಹಳಿಯ ಮೇಲೆ ಕಂಡದ್ದನ್ನು ಬರೆಯಲಾರೆ. ನಿದ್ದೆಗಣ್ಣಿನಲ್ಲಿ ಗಾಡಿದಾರಿಯಿಂದ ಸುತ್ತಿ ಬಂದ ಕುರಿಗಾರ ಆಗಲೇ ಅಲ್ಲಿದ್ದ. ಕಂಬಳಿ ಎಳೆದುಕೊಂಡು, ಒಂದೊಂದರ ಹೆಸರು ಹಿಡಿದು ಕೂಗುತ್ತ ಹಳಿಗುಂಟ ಓಡುತ್ತಿದ್ದ.

ಅವನು ಅತ್ತ ಓಡುವಾಗ ಇತ್ತ ನಾನು ಮಾಡಿದ್ದನ್ನು ಹೇಳಲೆಂದೇ ಇಷ್ಟು ಬರೆದದ್ದು. ನಾನು ಬಿದ್ದ ಎಲೆಗಳನ್ನು ಎತ್ತಿ ಎತ್ತಿ ಮತ್ತೆ ಮಣ್ಣಿಗೆ ಚುಚ್ಚಿದೆ. ತುಳಿದು ನೆಲ ಗಟ್ಟಿ ಮಾಡಿದೆ. ಆಮೇಲೆ ಮಂದೆಯ ಮೂಲೆಗೆ ಹೋಗಿ ಗೂಟದಿಂದ ಬಲೆಯ ಗಂಟು ಬಿಚ್ಚಿ ಕೆಳಗೆ ಬಿಟ್ಟೆ. ಬಿಗಿಯಾದ ಗಂಟು ಅದು. ಬಿಚ್ಚುವಾಗ ನನ್ನ ಉಗುರು ಮುರಿಯಿತು. ಆ ಮೂಲೆಯಿಂದ ಸ್ವಲ್ಪ ದೂರದಲ್ಲೇ ಗಾಡಿಗಳು ಹಳಿ ದಾಟುವ ದಾರಿ. ನೋಡಿದವರು ಕುರಿಗಳು ಗಂಟು ಸಡಿಲಾದ ಕಡೆಯಿಂದ ಹೊರಬಿದ್ದು ಆ ದಾರಿ ಹಿಡಿದವೆಂದುಕೊಳ್ಳುವಂತಿತ್ತು.

ಅವನು ಹಿಂದಿರುಗಿ ಬಂದು ನೆಲಕ್ಕೆ ಬಿದ್ದ ಬಲೆ ನೋಡಿ ಅಲ್ಲೇ ಕುಕ್ಕರಿಸಿದ. ಹಗ್ಗದ ತುದಿಯನ್ನು ಬೆರಳಿನಲ್ಲಿ ಹಿಡಿದು ತುಂಬ ಹೊತ್ತು ನೋಡಿದ.

"ಗಂಟು ಹಾಕಿದ್ನಲ್ರಿ ನಾನು? ಹಾಕಿರಲಿಲ್ಲೇನ್ರಿ?"

"ನನಗೇನು ಗೊತ್ತಪ್ಪ," ಎಂದೆ.

ಕೊಂಡಜ್ಜಿ ಕೆರೆಯ ಏರಿಯ ಮೇಲೆ ಕುರಿಗಾರರ ಹಿರಿಯರು ಸೇರಿದರು. ಹೊಲದವರೆಂದು ಅಪ್ಪನನ್ನೂ ನನ್ನನ್ನೂ ಕರೆಸಿದರು. ಅವನ ಹೆಂಡತಿ ಸೆರಗು ಬಾಯಿಗೊತ್ತಿಕೊಂಡು ಹೆಂಗಸರ ಗುಂಪಿನ ತುದಿಯಲ್ಲಿ ನಿಂತಿದ್ದಳು. ಒಬ್ಬ ಹಿರಿಯರು ನನ್ನತ್ತ ತಿರುಗಿ ಕೇಳಿದರು.

"ನೀವು ಓದಿದೋರು, ಸುಳ್ಳು ಹೇಳಾಂಗಿಲ್ಲ. ಆವತ್ತು ಇವನ ಬಾಯಾಗ ವಾಸನಿ ಇತ್ತೋ, ಇಲ್ಲೋ?"

"ಇತ್ತು," ಎಂದೆ.

"ಯಾರು ಕೊಟ್ರಲೇ ನಿನಗ?"

ಅವನು ನನ್ನ ಮುಖ ನೋಡಿದ. ಒಂದು ಕ್ಷಣ, ಅಷ್ಟೇ. ತಲೆ ತಗ್ಗಿಸಿ, "ಯಾರೂ ಕೊಡಲಿಲ್ರಿ. ದಾರ್ಯಾಗ ಸಿಕ್ತು, ಕುಡುದೆ" ಎಂದ. ನನ್ನನ್ನು ಪೊಲೀಸರು ಒಯ್ಯಬಾರದೆಂದು ಅವನು ಸುಳ್ಳು ಹೇಳಿದ್ದ. ನಾನು ಬಾಯಿ ಮುಚ್ಚಿಕೊಂಡು ನಿಂತೆ. ಹಿರಿಯರು ಅವನ ಕೈಯ ಕೋಲು ಇಸಕೊಂಡರು. ಉಳಿದ ಮರಿಗಳು ಭಾವಮೈದುನರ ಪಾಲಾದವು. ಗಂಟು ಹಾಕಲು ಮರೆಯುವವನ ಕೈಗೆ ಇನ್ನು ಯಾರೂ ಕುರಿ ಬಿಡಬಾರದೆಂದು ಮಾತಾಯಿತು.

ತಿಂಗಳೊಪ್ಪತ್ತಿನಲ್ಲಿ ನನಗೆ ಕೆಲಸವಾಯಿತು. ಫ್ಯಾನು ಇತ್ತು, ನನ್ನ ಕುರ್ಚಿಯ ಮೇಲೆ ಇರಲಿಲ್ಲ. ಮುಂಗಾರು ಬಿದ್ದೊಡನೆ, ಕಿಂಡಿ ಯಾರಿಗೂ ಕಾಣದಿರಲೆಂದು, ಸಿಕ್ಕ ಸಿಕ್ಕ ಕಡೆಯಿಂದ ಮರಿ ಕಿತ್ತು ತಂದು ಆ ಬಯಲಿಗೆ ನೆಟ್ಟೆ. ಮುದುಕ ಜ್ವರದಿಂದ ಎದ್ದು ಬಂದವನು ಒಂದೇ ಸಾಲಿನ ಎಳೆಯ ಮರಿಗಳನ್ನು ನೋಡಿದ.

"ಸಾಲಾಗಿ ಕಿತ್ತಿಯಾ?"

ಕುರಿಯ ಸುದ್ದಿ ಅವನಿಗೆ ಹರಿಹರದಲ್ಲೇ ಮುಟ್ಟಿತ್ತು. ಹಳ್ಳಕ್ಕಿಳಿದು ಗುಡಾಣ, ಮಡಕೆ ಎಲ್ಲವನ್ನೂ ಕಲ್ಲಿನಿಂದ ಒಡೆದು, ನಳಿಗೆಯನ್ನು ಮಾತ್ರ ಬಗಲಲ್ಲಿ ಇಟ್ಟುಕೊಂಡು ಹೊರಟುಹೋದ. ಅವನೂ ಯಾರಿಗೂ ಹೇಳಲಿಲ್ಲ. ಹೇಳಿದರೆ ಅವನ ಕೈಗೂ ಬೇಡಿ ಬೀಳುತ್ತಿತ್ತು. ಅಲ್ಲಿಂದ ಮುಂದೆ ನಾನು ಆ ಕೆಲಸಕ್ಕೆ ಕೈ ಹಾಕಲಿಲ್ಲ. ಹೆಡ್ ಕ್ಲಾರ್ಕರಿಗೆ, ಕಾಯಿಸುತ್ತಿದ್ದ ಮುದುಕ ಸತ್ತನೆಂದು ಹೇಳಿದೆ.

ಕೆಲವು ವರ್ಷಗಳ ಮೇಲೆ ಮಿಲ್ಲಿನ ಕೆಲಸಕ್ಕೆಂದು ಹರಿಹರದ ಗೂಡ್ಸ್ ಶೆಡ್ಡಿಗೆ ಹೋದಾಗ ಹಮಾಲರ ನಡುವೆ ಆ ಕುರಿಗಾರನನ್ನು ಕಂಡೆ. ಗಾಡಿಗೆ ಮೂಟೆ ಹೇರಿ ಹಗ್ಗ ಬಿಗಿಯುತ್ತಿದ್ದ. ಬಿಗಿದು, ಜಗ್ಗಿ ನೋಡಿ, ನಾಲ್ಕು ಹೆಜ್ಜೆ ಹೋಗಿ, ತಿರುಗಿ ಬಂದು ಮತ್ತೆ ಜಗ್ಗಿದ. ಗಾಡಿಯವನು ಎತ್ತಿನ ಬಾಲ ಮುರಿದ ಮೇಲೂ ಪಕ್ಕದಲ್ಲಿ ಓಡುತ್ತ ಇನ್ನೊಮ್ಮೆ ಜಗ್ಗಿದ.

"ಏ ಗಂಟಣ್ಣ, ಬಿಡೋ ಮಾರಾಯ! ಹುಬ್ಬಳ್ಳಿ ಮಟ ಜಗ್ಗಿಕೋತ ಬರ್ತೀಯೇನು?" ಎಂದು ಒಬ್ಬ ಕೂಗಿದ. ಎಲ್ಲರೂ ನಕ್ಕರು. ಅವನೂ ನಕ್ಕ. ನಾನು ಮೂಟೆಗಳ ಮರೆಗೆ ಸರಿದೆ.

ಪಾನನಿರೋಧ ತೆಗೆದ ವರ್ಷ ಬೀದಿ ಬೀದಿಗೆ ಸಾರಾಯಿ ಅಂಗಡಿ ಬಂದವು. ನಾನು ಯಾವುದಕ್ಕೆ ಹೆದರಿ ಬಾಯಿ ಮುಚ್ಚಿಕೊಂಡಿದ್ದೆನೋ ಅದು ಈಗ ಬೋರ್ಡು ಹಾಕಿಕೊಂಡು ಮಾರುವ ಸರಕು. ಅಪ್ಪ ತೀರಿಕೊಂಡಿದ್ದರು. ಹೆಡ್ ಕ್ಲಾರ್ಕರು ನಿವೃತ್ತರಾಗಿದ್ದರು. ಕಳೆದುಕೊಳ್ಳುವುದು ಏನೂ ಉಳಿಯದಾದಾಗ ನನಗೆ ಧೈರ್ಯ ಬಂತು. ಅದನ್ನು ಧೈರ್ಯ ಎನ್ನಬಹುದಾದರೆ.

ಒಂದು ಭಾನುವಾರ ಸಂಜೆ ಹರಿಹರದಲ್ಲಿ ಕುರಿಗಾರನ ಮನೆ ಹುಡುಕಿಕೊಂಡು ಹೋದೆ. ಒಂದೇ ಕೋಣೆ, ತಗಡಿನ ಮಾಡು. ಹೆಂಡತಿ ಒಳಗೆ ಜೋಳ ಕೇರುತ್ತಿದ್ದಳು. ಅವನು ನನ್ನನ್ನು ನೋಡಿದವನೇ ಕಂಬಳಿ ಕೊಡವಿ ಹಾಸಿದ.

"ಬರ್ರಿ, ಬರ್ರಿ ಯಜಮಾನ್ರೆ. ಕೂಡ್ರಿ. ಏ, ಚಾ ಇಡು. ನಮ್ ಹೊಲದೋರು ಬಂದಾರ."

ಕುಳಿತೆ. ಚಹಾ ಬರುವ ಮೊದಲೇ ಎಲ್ಲವನ್ನೂ ಹೇಳಿದೆ. ಗಡ್ಡೆ ಕಿತ್ತದ್ದು, ಎಲೆ ಚುಚ್ಚಿದ್ದು, ಗಂಟು ಬಿಚ್ಚಿದ್ದು, ಉಗುರು ಮುರಿದದ್ದು. ಒಳಗೆ ಮೊರದ ಸದ್ದು ನಿಂತಿತು. ಅವನು ಬಾಯಿ ತೆರೆದುಕೊಂಡು ಕೇಳಿದ. ಆಮೇಲೆ ಮೆಲ್ಲಗೆ ತಲೆ ಅಲ್ಲಾಡಿಸಿ ನಕ್ಕ.

"ಯಾಕ್ರಿ ಯಜಮಾನ್ರೆ, ನನ್ ಪಾಪ ನೀವ್ಯಾಕ ಹೊರ್ತೀರಿ?"

"ನಿಜ ಹೇಳ್ತಾ ಇದೀನಿ ಕಣಪ್ಪ. ಗಂಟು ನಾನೇ ಬಿಚ್ಚಿದ್ದು."

"ನೀವು ಮಿಲ್ಲಿನ ಆಫೀಸ್ನಾಗ ಇರೋರು, ದೊಡ್ಡ ಮನಸು. ಸಾರಾಯಿ ಕೊಟ್ಟೆ ಅಂತ ನಿಮ್ಗ ಕೆಟ್ಟ ಅನ್ಸೈತೆ. ನೀವು ಕೊಟ್ರಿ, ಕುಡುದೋನು ನಾನು. ನಿಮ್ ಬೇಲಿ ನಾನು ಆಮ್ಯಾಕೂ ಹೋಗಿ ನೋಡೀನ್ರಿ. ಗೋಡಿ ನಿಂತಂಗ ನಿಂತೈತೆ. ಎಲ್ಲೈತೆ ಕಿಂಡಿ?"

"ಅಲ್ಲಿರೋದು ನಾನು ಆಮೇಲೆ ನೆಟ್ಟಿದ್ದು."

"ನೀವು ಕತ್ತಾಳಿ ನೆಡ್ತೀರಾ!" ಅವನು ಹೆಂಡತಿಯ ಕಡೆ ತಿರುಗಿದ. "ಕೇಳಿದ್ಯೇನ? ನನ್ ದುಃಖ ಇಳಿಸಬೇಕಂತ ಎಲ್ಲಿಂದ ಬಂದಾರ, ಏನು ಕತಿ ಕಟ್ಯಾರ. ಇಂಥೋರು ಎಲ್ಲಿ ಸಿಗ್ತಾರ? ಬಿಡ್ರಿ, ನಾನು ಗಂಟು ಹಾಕಿರಲಿಲ್ಲ. ನನ್ ಕೈಗೆ ಗೊತ್ತೈತೆ."

ತನ್ನ ಕೈ ಮುಂದೆ ಚಾಚಿ ತೋರಿಸಿದ. ಆ ಕೈ ಹಾಕಿದ ಗಂಟನ್ನು ಬಿಚ್ಚಲು ನಾನು ಪಟ್ಟ ಪಾಡನ್ನು ಹೇಗೆ ನಂಬಿಸಲಿ? ಆಣೆ ಇಟ್ಟೆ. ಅದಕ್ಕೂ ಕೈ ಮುಗಿದ. ನಾನು ತಪ್ಪು ಮುಚ್ಚಲೆಂದು ನೆಟ್ಟ ಮರಿಗಳು ಬೆಳೆದು, ನನ್ನ ವಿರುದ್ಧ ಹೇಳಬೇಕಾದ ಒಂದೇ ಒಂದು ಸಾಕ್ಷಿಯನ್ನು ಮುಚ್ಚಿಕೊಂಡು ನಿಂತಿದ್ದವು.

ಚಹಾ ಕುಡಿದು ಎದ್ದೆ. ಓಣಿಯ ತಿರುವಿಗೆ ಬರುವಷ್ಟರಲ್ಲಿ ಹಿಂದಿನಿಂದ ಅವನ ಹೆಂಡತಿ ಬಂದಳು. ಕೈಯಲ್ಲಿ ಮೊರ ಹಾಗೆಯೇ ಇತ್ತು.

"ನಿಜ ಏನ್ರಿ?"

"ನಿಜ ಕಣಮ್ಮ."

ಮೊರದ ಅಂಚನ್ನು ಬೆರಳಿನಿಂದ ಸವರುತ್ತ ನಿಂತಳು.

"ಒಂದಿನ ಬಿಡದಂಗ ಅಂದೀನಿ ಆ ಮನುಷ್ಯಗ. ಉಣ್ಣಾಕ ಕುಂತಾಗ ಅಂದೀನಿ. ಕೂಸು ಸತ್ತಾಗ, ಕುರಿ ಇದ್ದಿದ್ರ ಹಾಲಾದ್ರೂ ಇರ್ತಿತ್ತು, ಕುಡುಕ ನೀನು ಅಂತ ಅಂದೀನಿ. ಮಲ್ಕೊಳ್ಳಾಗ, ಚಿಲಕ ಹಾಕಿದ್ಯೋ, ಅದನ್ನೂ ಮರ್ತ್ಯೋ ಅಂತ ದಿನಾ ಅಂದೀನಿ." ಉಸಿರು ಎಳೆದುಕೊಂಡಳು. "ಈಗ ಬಂದು ಹೇಳ್ತೀರಿ. ಅವ್ನು ನಂಬಂಗಿಲ್ಲ. ನಾನು ನಂಬಿದೆ. ಇದನ್ನ ಇಟ್ಕೊಂಡು ನಾನೇನು ಮಾಡ್ಲಿ?"

ನನ್ನ ಹೊರೆ ಇಳಿಸಲು ಬಂದವನು ಅದನ್ನು ಅವಳ ತಲೆಗೆ ಏರಿಸಿದ್ದೆ.

"ಇನ್ನೊಮ್ಮೆ ಈ ಕಡಿ ಬರಬ್ಯಾಡ್ರಿ," ಎಂದು ಹೇಳಿ ತಿರುಗಿ ಹೋದಳು.

ನಾನೂ ಅವಳ ಹಿಂದೆ ಹೋಗಿ ಅವರ ಮನೆಯ ಎದುರಿನ ಗೋಡೆಗೆ ಒರಗಿ ನಿಂತೆ. ಅವಳು ಒಳಗೆ ಹೋಗಿ ಬಾಗಿಲು ಮುಂದೂಡಿದ್ದು ಕಾಣಿಸಿತು. ಈಗಷ್ಟೇ ನನ್ನೊಡನೆ ಮಾತಾಡಿದವಳದೇ ಎನ್ನಿಸದಷ್ಟು ಮೆತ್ತಗಿನ ದನಿ ಕೇಳಿಸಿತು.

"ನೀನು ಕೂಡು. ಚಿಲಕ ನಾನ ಹಾಕ್ತೀನಿ."

ಚಿಲಕ ಬಿದ್ದ ಸದ್ದಾಯಿತು. ಆಮೇಲೆ ಅವನು ಎದ್ದು ಬಂದು ಅದನ್ನು ಜಗ್ಗಿ ನೋಡಿದ. ಹೋದ. ಮತ್ತೆ ಬಂದು ಜಗ್ಗಿದ.